ಯಾರ ಮೇಲ್ ಹೊರಗೆ ಹೋಗಬೇಕು? ಯುನಿಕ್ಸ್ ಮೇಲ್ ಸರ್ವರ್ ಕಾಯುವ ದಾರಿಗಳ ಹೋಲಿಕೆ

ಕೆಲವು ವರ್ಷಗಳ ಹಿಂದೆ ಒಂದು ಮೇಲ್ ಸರ್ವರನ್ನು ಹಳೆಯ ಯಂತ್ರದಿಂದ ಕಂಟೇನರ್‌ಗೆ (ಪ್ರೋಗ್ರಾಂ ಅನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ವ್ಯವಸ್ಥೆಗೆ) ಸಾಗಿಸಿದೆ. ಕಾನ್ಫಿಗ್ ಕಡತದಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ. ಪರೀಕ್ಷೆಗೆ ಕಳಿಸಿದ ಮೇಲ್ ಹೋಯಿತು, ಉತ್ತರವೂ ಬಂತು, ನೆಮ್ಮದಿಯಿಂದ ಮಲಗಿದೆ. ಎರಡು ದಿನ ಕಳೆದು ನೋಡಿದರೆ ಸರತಿಯಲ್ಲಿ ಸಾವಿರಾರು ಮೇಲ್‌ಗಳು ಕುಳಿತಿದ್ದವು, ಒಂದೂ ನಮ್ಮವರದಲ್ಲ. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ, ಒಪ್ಪಿಕೊಳ್ಳಲು ಬೇಕಾಯಿತು. ಕಂಟೇನರ್‌ನ ಮುಂದೆ ನಿಂತಿದ್ದ ಪ್ರಾಕ್ಸಿ, ಅಂದರೆ ನಡುವೆ ನಿಂತು ಸಂಪರ್ಕಗಳನ್ನು ದಾಟಿಸುವ ಪ್ರೋಗ್ರಾಂ, ಹೊರಗಿನ ಪ್ರತಿಯೊಂದು ಸಂಪರ್ಕವನ್ನೂ ತನ್ನದೇ ಒಳವಿಳಾಸದಿಂದ ದಾಟಿಸುತ್ತಿತ್ತು. ಆ ಒಳವಿಳಾಸ, ಯಾರಿಗೆ ಬೇಕಾದರೂ ಕಳಿಸಲು ಬಿಡುವ ‘ನಮ್ಮ ಜಾಲ’ದ ಪಟ್ಟಿಯಲ್ಲಿತ್ತು. ಜಗತ್ತೆಲ್ಲ ನಮ್ಮ ಮನೆಯವರಾಗಿಬಿಟ್ಟಿದ್ದರು.

ಅಂದಿನಿಂದ ಈ ವಿಷಯದಲ್ಲಿ ಯಾರು ಸಲಹೆ ಕೇಳಿದರೂ ನಾನು ಮೊದಲು ಹಾಕುವ ಮರುಪ್ರಶ್ನೆ ಒಂದೇ. ನಾಳೆ ಯಾರೋ ಒಬ್ಬರ ಕಡೆಯಿಂದ ಅನಾಹುತವಾದರೆ, ಅದು ಯಾರೆಂದು ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡಿ ಹೇಳಬಲ್ಲಿರಾ? ಉಳಿದವರ ಕೆಲಸ ಕೆಡದಂತೆ ಅವರೊಬ್ಬರನ್ನೇ ಹೊರಗಿಡಬಲ್ಲಿರಾ? ಕೆಳಗಿನ ದಾರಿಗಳನ್ನೆಲ್ಲ ಇದೇ ಗಜಕಡ್ಡಿಯಿಂದ ಅಳೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ತಂತ್ರಾಂಶದವು, ಏಕೆಂದರೆ ನನ್ನ ಕೈ ಪಳಗಿರುವುದು ಅದರಲ್ಲಿ.

ಪ್ರಶ್ನೆಯನ್ನು ಬಿಡಿಸಿಕೊಳ್ಳುವುದು

‘ಕಳಿಸುವುದು’ ಎಂಬ ಒಂದೇ ಪದದೊಳಗೆ ಮೂರು ಬೇರೆ ಬೇರೆ ಕೆಲಸಗಳಿವೆ. ಹೊರಗಿನ ಸರ್ವರ್‌ಗಳು ನಮ್ಮವರಿಗೆ ಮೇಲ್ ತಂದು ಕೊಡುವುದು ಮೊದಲನೆಯದು. ಅದಕ್ಕೆ ಬಾಗಿಲು ತೆರೆದೇ ಇರಬೇಕು. ಯಾರಾದರೂ ನಮ್ಮ ಸರ್ವರ್ ಮೂಲಕ ಹೊರಗಿನವರಿಗೆ ಕಳಿಸುವುದು ಎರಡನೆಯದು. ರಿಲೇ ಎನ್ನುವುದು ಇದಕ್ಕೆ, ತಂಟೆಯೆಲ್ಲ ಇಲ್ಲಿಯೇ. ಅದೇ ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಂ ಸೆಂಡ್‌ಮೇಲ್ ಎಂಬ ಆಜ್ಞೆಯಿಂದ (ಇದೇ ಹೆಸರಿನ ಮೇಲ್ ಸರ್ವರ್ ಬೇರೆ) ಮೇಲ್ ಹಾಕುವುದು ಮೂರನೆಯದು. ಇದು ಎಸ್‌ಎಂಟಿಪಿ ಬಾಗಿಲನ್ನು, ಅಂದರೆ ಮೇಲ್ ದಾಟಿಸಲು ಸರ್ವರ್‌ಗಳು ಆಡುವ ಭಾಷೆಯ ದಾರಿಯನ್ನು, ಮುಟ್ಟುವುದೇ ಇಲ್ಲ. ಆದ್ದರಿಂದ ಆ ಬಾಗಿಲಿಗೆ ಎಷ್ಟೇ ಬೀಗ ಹಾಕಿದರೂ ಇದಕ್ಕೆ ತಾಗುವುದಿಲ್ಲ.

1982ರಲ್ಲಿ ಆರ್‌ಎಫ್‌ಸಿ 821 (ಅಂತರ್ಜಾಲದ ಮಾನದಂಡಗಳ ಸಾಲಿನ ದಾಖಲೆ) ಆಗಿ ಪ್ರಕಟವಾದ ಎಸ್‌ಎಂಟಿಪಿಯಲ್ಲಿ ‘ನೀನು ಯಾರು’ ಎಂದು ರುಜುವಾತು ಕೇಳುವ ವ್ಯವಸ್ಥೆಯೇ ಇರಲಿಲ್ಲ. ಯಾರು ಯಾರ ಮೇಲನ್ನಾದರೂ ದಾಟಿಸುವುದು ಆಗ ಸೌಜನ್ಯವೆನಿಸಿತ್ತು. ಆ ಸೌಜನ್ಯವನ್ನು ಸ್ಪ್ಯಾಮ್ ಕಳಿಸುವವರು ಸೂರೆ ಹೊಡೆದ ಮೇಲೆ 1998ರಲ್ಲಿ ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್‌ನ 8.9 ಆವೃತ್ತಿ ರಿಲೇಯನ್ನು ತಾನಾಗಿಯೇ ಮುಚ್ಚಿಕೊಂಡು ಬಂತು. ಅದೇ ವರ್ಷದ ಕೊನೆಯಲ್ಲಿ ಬಳಕೆದಾರರು ಮೇಲ್ ಸಲ್ಲಿಸಲೆಂದೇ 587ನೆಯ ಪೋರ್ಟ್ (ಯಂತ್ರದ ಸಂಖ್ಯೆ ಹಾಕಿದ ಬಾಗಿಲು) ನಿಗದಿಯಾಯಿತು, 1999ರಲ್ಲಿ ಎಸ್‌ಎಂಟಿಪಿಗೆ ಪಾಸ್‌ವರ್ಡ್ ದೃಢೀಕರಣ ಸೇರಿತು. ಈ ಕಾಲಾನುಕ್ರಮವನ್ನು ನೆನಪಿಟ್ಟುಕೊಂಡರೆ ಹಳೆಯ ಸಲಹೆಗಳು ಏಕೆ ಐಪಿ ವಿಳಾಸದ ಸುತ್ತಲೇ ಗಿರಕಿ ಹೊಡೆಯುತ್ತವೆ ಎಂಬುದು ತಿಳಿಯುತ್ತದೆ: ಅವುಗಳನ್ನು ಬರೆದ ಕಾಲದಲ್ಲಿ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.

ಐಪಿ ವಿಳಾಸವನ್ನು ನಂಬುವುದು

ಪೋಸ್ಟ್‌ಫಿಕ್ಸ್‌ನಲ್ಲಿ ಇದರ ಹೆಸರು ‘ಮೈನೆಟ್‌ವರ್ಕ್ಸ್’. ಪಟ್ಟಿಯಲ್ಲಿರುವ ವಿಳಾಸದಿಂದ ಬಂದವರು ಯಾರಿಗೆ ಬೇಕಾದರೂ ಕಳಿಸಬಹುದು. ಹಾಕಲು ಒಂದು ಸಾಲು ಸಾಕು, ಬಳಕೆದಾರ ಏನನ್ನೂ ಮಾಡಬೇಕಿಲ್ಲ. ಇಷ್ಟು ಸುಲಭವಾಗಿರುವುದರಿಂದಲೇ ಜನ ಇದಕ್ಕೆ ಬೀಳುತ್ತಾರೆ.

ನನ್ನ ಅಳತೆಯಲ್ಲಿ ಇದಕ್ಕೆ ಅತಿ ಕಡಿಮೆ ಅಂಕ. 10.0.0.0/8 ಎಂದು, ಅಂದರೆ 10ರಿಂದ ಆರಂಭವಾಗುವ ಒಳವಿಳಾಸಗಳೆಲ್ಲ ಎಂದು, ಬರೆದ ಮೇಲೆ ಆ ಜಾಲದೊಳಗಿನ ಪ್ರತಿಯೊಂದು ಲ್ಯಾಪ್‌ಟಾಪ್, ಕ್ಯಾಮೆರಾ, ಅತಿಥಿಯ ಮೊಬೈಲ್ ಎಲ್ಲಕ್ಕೂ ಒಂದೇ ರಹದಾರಿ. ಒಂದಕ್ಕೆ ವೈರಸ್ ತಗುಲಿದರೆ ಲಾಗ್‌ನಲ್ಲಿ ಕಾಣುವುದು ವಿಳಾಸ ಮಾತ್ರ. ಅದು ನಿನ್ನೆ ಯಾರ ಕೈಯಲ್ಲಿತ್ತೆಂದು ತಿಳಿಯಲು ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯ ಲಾಗ್ ಅಗೆಯಬೇಕು. ಇನ್ನೊಂದು ಸೂಕ್ಷ್ಮವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪೋಸ್ಟ್‌ಫಿಕ್ಸ್ ತಾನಾಗಿ ಇಟ್ಟುಕೊಳ್ಳುವ ಮೌಲ್ಯಗಳ ಪ್ರಕಾರ ಮೈನೆಟ್‌ವರ್ಕ್ಸ್‌ನಲ್ಲಿರುವವರಿಗೆ ವೇಗಮಿತಿಗಳೂ ಅನ್ವಯಿಸುವುದಿಲ್ಲ. ಅಂದರೆ ಯಾರನ್ನು ಅತಿ ಕಡಿಮೆ ಗುರುತಿಸಬಲ್ಲೆವೋ ಅವರಿಗೇ ಅತಿ ಹೆಚ್ಚು ಸ್ವಾತಂತ್ರ್ಯ.

ಪೋಸ್ಟ್‌ಫಿಕ್ಸ್ 3.0ಕ್ಕಿಂತ ಹಿಂದೆ ಈ ಪಟ್ಟಿಯನ್ನು ನೀವು ಬರೆಯದಿದ್ದರೆ ಸರ್ವರ್ ಕುಳಿತಿರುವ ಇಡೀ ಸಬ್‌ನೆಟ್ (ಅಕ್ಕಪಕ್ಕದ ವಿಳಾಸಗಳ ಗುಂಪು) ನಂಬಿಗಸ್ತರ ಸಾಲಿಗೆ ಸೇರುತ್ತಿತ್ತು. ಈಗ ತನ್ನ ಯಂತ್ರ ಮಾತ್ರ. ಬಾಡಿಗೆಯ ಸರ್ವರ್‌ನಲ್ಲಿ ಅದೇ ಸಬ್‌ನೆಟ್‌ನ ನೆರೆಯವರು ಯಾರೆಂದು ನಿಮಗೆ ತಿಳಿದಿರುವುದಿಲ್ಲ. ಆದ್ದರಿಂದ ಹಳೆಯ ಕಾನ್ಫಿಗ್ ಕಡತವನ್ನು ಹೊತ್ತು ತಂದಿದ್ದರೆ ‘ಪೋಸ್ಟ್‌ಕಾನ್ಫ್’ ಆಜ್ಞೆಯಿಂದ ಈಗ ನಿಜವಾಗಿ ಜಾರಿಯಲ್ಲಿರುವ ಮೌಲ್ಯ ಯಾವುದೆಂದು ನೋಡಿಕೊಳ್ಳಿ.

ವಿಳಾಸದ ದಾರಿ ಪೂರ್ತಿ ವ್ಯರ್ಥವೆಂದಲ್ಲ. ವೈರ್‌ಗಾರ್ಡ್‌ನಂತಹ ವಿಪಿಎನ್ (ಗೂಢಲಿಪಿಯ ಖಾಸಗಿ ಜಾಲ) ಒಳಗೆ ಒಂದೊಂದು ಕೀಲಿಗೆ ಒಂದೊಂದು ವಿಳಾಸ ಕಟ್ಟಿಟ್ಟಿದ್ದರೆ ಆ ವಿಳಾಸ ನಿಜಕ್ಕೂ ಗುರುತೇ ಆಗುತ್ತದೆ. ಕೀಲಿ ತೆಗೆದರೆ ಆ ಯಂತ್ರ ಹೊರಗೆ. ಹಾಗೆಯೇ ಪಾಸ್‌ವರ್ಡ್ ಇಟ್ಟುಕೊಳ್ಳಲು ಬಾರದ ಹಳೆಯ ಸ್ಕ್ಯಾನರ್‌ಗೆ ಒಂದೇ ಒಂದು ವಿಳಾಸವನ್ನು ಬರೆದುಕೊಡಬಹುದು. ಆದರೆ ಅದಕ್ಕೂ ಮೊದಲು ಒಂದು ಕ್ಷಣ ಯೋಚಿಸಿ: ಆ ಸ್ಕ್ಯಾನರ್ ನಿಮ್ಮ ಡೊಮೇನ್‌ನವರಿಗೆ ಮಾತ್ರ ಕಳಿಸುವುದಾದರೆ ಅದಕ್ಕೆ ರಿಲೇ ಅನುಮತಿಯೇ ಬೇಕಾಗಿಲ್ಲ. 25ನೆಯ ಪೋರ್ಟ್‌ಗೆ ಹೊರಗಿನ ಯಾವುದೇ ಸರ್ವರ್ ಬರುವಂತೆ ಅದೂ ಬರಬಹುದು. ಹೀಗೆ ಕೊಡುವ ಅಗತ್ಯವೇ ಇಲ್ಲದ ಅನುಮತಿಗಳು ಪಟ್ಟಿಯಲ್ಲಿ ಎಷ್ಟಿರುತ್ತವೆ ಎಂದರೆ, ಒಮ್ಮೆ ಕುಳಿತು ಸೋಸಿದರೆ ಅರ್ಧಕ್ಕರ್ಧ ಖಾಲಿಯಾಗುತ್ತದೆ.

ಕಳುಹಿಸುವವರ ವಿಳಾಸವನ್ನು ನಂಬುವುದು

ಇದನ್ನು ಒಂದು ಆಯ್ಕೆಯೆಂದು ಹೇಳಲೂ ಮನಸ್ಸಿಲ್ಲ. ‘ನಮ್ಮ ಡೊಮೇನ್‌ನ ವಿಳಾಸದಿಂದ ಬಂದ ಮೇಲ್‌ಗೆ ರಿಲೇ ಕೊಡು’ ಎಂಬ ನಿಯಮ ನೋಡಲು ಸಮಂಜಸವೆನಿಸುತ್ತದೆ. ಆದರೆ ‘ಮೇಲ್ ಫ್ರಮ್’ ಎಂದು ಹೇಳುವಾಗ ಯಾರು ಯಾವ ವಿಳಾಸವನ್ನಾದರೂ ಹೇಳಬಹುದು. ಲಕೋಟೆಯ ಹಿಂಬದಿಯಲ್ಲಿ ಬರೆದ ಹೆಸರನ್ನೇ ಗುರುತಿನ ಚೀಟಿ ಎಂದು ಭಾವಿಸಿದಂತೆ ಅದು. ಸೆಂಡ್‌ಮೇಲ್‌ನ ‘ರಿಲೇ_ಲೋಕಲ್_ಫ್ರಮ್’ ಮಾಡುವುದು ಇದನ್ನೇ. ಪೋಸ್ಟ್‌ಫಿಕ್ಸ್‌ನಲ್ಲಿ ‘ಚೆಕ್_ಸೆಂಡರ್_ಆಕ್ಸೆಸ್’ ಪಟ್ಟಿಗೆ ನಿಮ್ಮ ಡೊಮೇನ್ ಬರೆದು ಮುಂದೆ ‘ಓಕೆ’ ಎಂದು ಹಾಕಿ, ಅದನ್ನು ರಿಲೇ ತಡೆಯುವ ‘ರಿಜೆಕ್ಟ್_ಅನ್‌ಆತ್_ಡೆಸ್ಟಿನೇಷನ್’ಗಿಂತ ಮೊದಲು ಇಟ್ಟರೆ ಅದೇ ಫಲ.

ಪೋಸ್ಟ್‌ಫಿಕ್ಸ್‌ನ 2.10ನೆಯ ಆವೃತ್ತಿ ಬರುವವರೆಗೆ ಸ್ಪ್ಯಾಮ್ ತಡೆಯುವ ನಿಯಮ, ರಿಲೇ ತಡೆಯುವ ನಿಯಮ ಎರಡೂ ಒಂದೇ ಪಟ್ಟಿಯಲ್ಲಿ ಬೆರೆತಿದ್ದುದರಿಂದ ಈ ತಪ್ಪು ಬಹಳ ಸುಲಭವಾಗಿತ್ತು. ಯಾವುದೋ ಒಳ್ಳೆಯ ಸರ್ವರ್‌ನ ಮೇಲ್ ಸ್ಪ್ಯಾಮ್ ಎಂದು ತಿರಸ್ಕೃತವಾಗದಿರಲಿ ಎಂದು ಬರೆದ ‘ಓಕೆ’ ರಿಲೇಗೂ ಒಪ್ಪಿಗೆಯಾಗುತ್ತಿತ್ತು. 2.10ರಿಂದ ‘ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್’ ಎಂಬ ಪ್ರತ್ಯೇಕ ಪಟ್ಟಿ ಬಂತು. ಅದರಲ್ಲಿ ಮೂರೇ ಪದಗಳಿರಲಿ: ನಮ್ಮ ಜಾಲಕ್ಕೆ ಅನುಮತಿ, ಪಾಸ್‌ವರ್ಡ್ ಕೊಟ್ಟವರಿಗೆ ಅನುಮತಿ, ಉಳಿದದ್ದಕ್ಕೆ ತಿರಸ್ಕಾರ. ನಾಲ್ಕನೆಯದನ್ನು ಸೇರಿಸಬೇಕೆನಿಸಿದಾಗ ಕೈ ತಡೆಯಿರಿ.

ಪಾಸ್‌ವರ್ಡ್ ಕೇಳುವುದು

ಮನುಷ್ಯರಿಗೆ ನಾನು ಕೊಡುವುದು ಇದೊಂದೇ. ಬಳಕೆದಾರ ಯಾವ ಜಾಲದಲ್ಲಿದ್ದರೂ ಕೆಲಸ ನಡೆಯುತ್ತದೆ, ಪ್ರತಿ ಮೇಲ್‌ನ ಲಾಗ್ ಸಾಲಿನಲ್ಲೂ ‘ಸಾಸ್ಲ್_ಯೂಸರ್‌ನೇಮ್’ ಎಂದು ಹೆಸರು ಬೀಳುತ್ತದೆ, ಒಬ್ಬರನ್ನು ತಡೆದರೆ ಉಳಿದವರಿಗೆ ಅದರ ಸುಳಿವೂ ಸಿಗುವುದಿಲ್ಲ. ದೃಢೀಕರಣವಿಲ್ಲದ ಕಾಲದಲ್ಲಿ ‘ಮೊದಲು ಪಾಪ್‌ನಲ್ಲಿ ಮೇಲ್ ಓದು, ಆಮೇಲೆ ಸ್ವಲ್ಪ ಹೊತ್ತು ನಿನ್ನ ವಿಳಾಸದಿಂದ ಕಳಿಸಲು ಬಿಡುತ್ತೇನೆ’ ಎಂಬ ಉಪಾಯವಿತ್ತು. ಒಂದೇ ಐಪಿಯ ಹಿಂದೆ ನೂರಾರು ಜನರಿರುವ ಇಂದಿನ ಜಾಲಗಳಲ್ಲಿ ಅದು ಸತ್ತ ವಿದ್ಯೆ.

ಪೋಸ್ಟ್‌ಫಿಕ್ಸ್ ತಾನೇ ಪಾಸ್‌ವರ್ಡ್ ಪರಿಶೀಲಿಸುವುದಿಲ್ಲ. ಸೈರಸ್ ಸಾಸ್ಲ್ ಎಂಬ ದೃಢೀಕರಣದ ತಂತ್ರಾಂಶಕ್ಕೆ ಅಥವಾ ಬಳಕೆದಾರರಿಗೆ ಮೇಲ್ ಓದಿಸುವ ಡವ್‌ಕಾಟ್‌ಗೆ ಒಪ್ಪಿಸುತ್ತದೆ. ಮೇಲ್ ಓದಲು ಡವ್‌ಕಾಟ್ ಈಗಾಗಲೇ ಇದ್ದರೆ ಬೇರೆ ಯೋಚನೆ ಬೇಡ. ಸೈರಸ್ ಹೆಚ್ಚು ವಿಧಾನಗಳನ್ನು ಬಲ್ಲದು, ಆದರೆ ಕ್ರೂಟ್‌ನಲ್ಲಿ (ಒಂದೇ ಫೋಲ್ಡರ್‌ನೊಳಗೆ ಬಂಧಿಯಾಗಿ) ಓಡುವ ಪ್ರಕ್ರಿಯೆ, ಅದರ ಕಡತಗಳು ಎಲ್ಲಿರಬೇಕು, ಯಾರಿಗೆ ಓದುವ ಅನುಮತಿ ಎಂಬ ಗೋಜಲಿನಲ್ಲಿ ನಾನು ಕಳೆದ ಸಂಜೆಗಳನ್ನು ಯಾರೂ ಹಿಂದಿರುಗಿಸುವುದಿಲ್ಲ.

ಎರಡು ಷರತ್ತುಗಳಿವೆ. ಒಂದು, ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಾಗಿಸುವ ವಿಧಾನ) ಇಲ್ಲದೆ ಪಾಸ್‌ವರ್ಡ್ ಸ್ವೀಕರಿಸಬಾರದು. ‘ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆತ್_ಓನ್ಲಿ’ ಇರುವುದು ಅದಕ್ಕೆ. ಎರಡು, ದೃಢೀಕರಣವನ್ನು 25ನೆಯ ಪೋರ್ಟ್‌ನಲ್ಲಿ ಮುಚ್ಚಿ 587 ಮತ್ತು 465ರಲ್ಲಿ ಮಾತ್ರ ತೆರೆಯಬೇಕು. 25 ಜಗತ್ತಿಗೆ ತೆರೆದ ಬಾಗಿಲು. ಪಾಸ್‌ವರ್ಡ್ ಊಹಿಸುವ ಯಂತ್ರಗಳು ಹಗಲಿರುಳು ಅಲ್ಲಿ ತಟ್ಟುತ್ತಿರುತ್ತವೆ. 587, 465ರ ನಡುವೆ ಯಾವುದೆಂದು ಕೇಳಿದರೆ, ಮೊದಲ ಬೈಟ್‌ನಿಂದಲೇ ಗೂಢಲಿಪಿಯಲ್ಲಿ ಮಾತನಾಡುವ 465ನ್ನು 2018ರ ಆರ್‌ಎಫ್‌ಸಿ 8314 ಮೆಚ್ಚಿಕೊಂಡಿದೆ. ಹಳೆಯ ಸಾಧನಗಳಿಗಾಗಿ 587 ಕೂಡ ಇರಲಿ.

ಪಾಸ್‌ವರ್ಡ್‌ನ ದೌರ್ಬಲ್ಯ ಎಲ್ಲರಿಗೂ ಗೊತ್ತು: ಅದು ಕಳವಾಗುತ್ತದೆ. ಕಳವಾದ ದಿನ ಏನು ಮಾಡಬೇಕೆಂಬುದು ಅಷ್ಟು ಗೊತ್ತಿರುವುದಿಲ್ಲ. ಪಾಸ್‌ವರ್ಡ್ ಬದಲಿಸಿದ ಕೂಡಲೇ ಕೆಲಸ ಮುಗಿಯಿತೆಂದು ನಾನೂ ಒಮ್ಮೆ ನಂಬಿದ್ದೆ. ಆದರೆ ಆಗಲೇ ಒಳಗೆ ಬಂದು ದೃಢೀಕರಣ ಮುಗಿಸಿಕೊಂಡ ಸಂಪರ್ಕವನ್ನು ಸರ್ವರ್ ಮತ್ತೆ ಪ್ರಶ್ನಿಸುವುದಿಲ್ಲ. ಡವ್‌ಕಾಟ್‌ನ ದೃಢೀಕರಣದ ಸಂಗ್ರಹವನ್ನು (ಕ್ಯಾಶ್) ಚಾಲೂ ಮಾಡಿದ್ದರೆ ಹಳೆಯ ಉತ್ತರ ಅಲ್ಲಿಯೂ ಉಳಿದಿರಬಹುದು. ಸರತಿಯಲ್ಲಿರುವ ಸಾವಿರಾರು ಮೇಲ್‌ಗಳಂತೂ ತಮ್ಮ ಪಾಡಿಗೆ ಹೊರಡುತ್ತಲೇ ಇರುತ್ತವೆ. ಆದ್ದರಿಂದ ಪಾಸ್‌ವರ್ಡ್ ಬದಲಿಸಿ, ಸಂಗ್ರಹ ಅಳಿಸಿ, ಪೋಸ್ಟ್‌ಫಿಕ್ಸ್ ನಿಲ್ಲಿಸಿ, ‘ಪೋಸ್ಟ್‌ಸೂಪರ್’ನಿಂದ ಸರತಿ ಸ್ವಚ್ಛ ಮಾಡಿ, ಆಮೇಲೆ ಚಾಲೂ ಮಾಡಿ. ಇಲ್ಲದಿದ್ದರೆ ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಪ್ರಮಾಣಪತ್ರ

ಒಂದು ಸರ್ವರ್ ಇನ್ನೊಂದು ಸರ್ವರ್ ಮೂಲಕ ಕಳಿಸಬೇಕಾದಾಗ ನನ್ನ ಮೊದಲ ಆಯ್ಕೆ ಟಿಎಲ್‌ಎಸ್ ಕ್ಲೈಂಟ್ ಪ್ರಮಾಣಪತ್ರ, ಅಂದರೆ ಕಳಿಸುವ ಯಂತ್ರ ತೋರಿಸುವ ಡಿಜಿಟಲ್ ಗುರುತಿನ ಚೀಟಿ. ಪ್ರತಿ ಯಂತ್ರದ ಪ್ರಮಾಣಪತ್ರದ ಬೆರಳಚ್ಚನ್ನು ‘ರಿಲೇ_ಕ್ಲೈಂಟ್‌ಸರ್ಟ್ಸ್’ ಪಟ್ಟಿಯಲ್ಲಿ ಬರೆದಿಡುತ್ತೇನೆ; ಯಂತ್ರದ ಐಪಿ ಬದಲಾದರೂ ಚಿಂತೆಯಿಲ್ಲ, ಯಂತ್ರ ಕೈಬಿಟ್ಟುಹೋದರೆ ಒಂದು ಸಾಲು ಅಳಿಸಿದರೆ ಆಯಿತು. ಮನುಷ್ಯರಿಗೆ ಇದನ್ನು ಹಂಚಲು ಹೋಗಬೇಡಿ. ಫೋನ್ ಬದಲಿಸಿದವರೆಲ್ಲ ನಿಮ್ಮ ಬಾಗಿಲಿಗೆ ಬರುತ್ತಾರೆ.

ಇಲ್ಲಿಯೂ ಒಂದು ಹಳ್ಳವಿದೆ. ‘ಪರ್ಮಿಟ್_ಟಿಎಲ್‌ಎಸ್_ಕ್ಲೈಂಟ್‌ಸರ್ಟ್ಸ್’ ಬೆರಳಚ್ಚಿನ ಪಟ್ಟಿ ನೋಡುತ್ತದೆ. ನಡುವೆ ‘ಆಲ್’ ಸೇರಿದ ಅದರ ಸೋದರ, ಪ್ರಮಾಣಪತ್ರ ಕೊಡುವ, ಸರ್ವರ್ ನಂಬುವ ಯಾವುದೇ ಪ್ರಾಧಿಕಾರದ ಸಹಿ ಇದ್ದರೆ ಸಾಕೆನ್ನುತ್ತದೆ. ನಂಬುವ ಪ್ರಾಧಿಕಾರಗಳ ಕಡತಕ್ಕೆ ಸಾರ್ವಜನಿಕ ಪ್ರಾಧಿಕಾರಗಳೆಲ್ಲವನ್ನೂ ಸುರಿದಿದ್ದರೆ ಅದು ಊರಿಗೆಲ್ಲ ಕೊಟ್ಟ ಕೀಲಿಕೈ.

ಯಂತ್ರದ ಒಳಗಿನ ಬಾಗಿಲು

ಅನುಭವಿಗಳೂ ಎಡವುವುದು ಇಲ್ಲಿ. ಹತ್ತಾರು ವೆಬ್‌ಸೈಟ್‌ಗಳಿರುವ ಯಂತ್ರದಲ್ಲಿ ಒಂದು ಹಳೆಯ ಪಿಎಚ್‌ಪಿ ಪುಟದ ಮೂಲಕ ಯಾರೋ ಒಳಹೊಕ್ಕರೆ ಅವರಿಗೆ ಮೇಲ್ ಕಳಿಸಲು ಮೂರು ದಾರಿಗಳಿರುತ್ತವೆ, ಮೂರಕ್ಕೂ ಬೇರೆ ಬೇರೆ ಅಗಳಿ ಬೇಕು.

ಮೊದಲನೆಯದು ಸೆಂಡ್‌ಮೇಲ್ ಆಜ್ಞೆ. ಪೋಸ್ಟ್‌ಫಿಕ್ಸ್‌ನ ‘ಆಥರೈಸ್ಡ್_ಸಬ್‌ಮಿಟ್_ಯೂಸರ್ಸ್’ ಪಟ್ಟಿಯಲ್ಲಿ ವೆಬ್ ಸರ್ವರ್‌ನ ಬಳಕೆದಾರನ ಹೆಸರಿನ ಹಿಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಅವನನ್ನು ಹೊರಗಿಡಬಹುದು. ಸುಮ್ಮನೆ ಬಿಟ್ಟರೆ ಎಲ್ಲರಿಗೂ ಅವಕಾಶ. ಸೆಂಡ್‌ಮೇಲ್ ಕಡತದ ಅನುಮತಿಯನ್ನೇ ಕಿತ್ತುಹಾಕುವವರಿದ್ದಾರೆ. ಹಾಗೆ ಮಾಡಿದರೆ ನಿಗದಿತ ವೇಳೆಗೆ ಕೆಲಸ ಓಡಿಸುವ ಕ್ರಾನ್ ಕಳಿಸುವ ವರದಿಗಳೂ ನಿಲ್ಲಬಹುದು, ಮುಂದಿನ ಅಪ್‌ಡೇಟ್ ಬಂದಾಗ ಅನುಮತಿ ಮತ್ತೆ ಮೊದಲಿನಂತಾಗಲೂಬಹುದು.

ಎರಡನೆಯದು 127.0.0.1ರ (ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ, ಲೋಕಲ್‌ಹೋಸ್ಟ್) 25ನೆಯ ಪೋರ್ಟ್. ಸೆಂಡ್‌ಮೇಲ್ ಆಜ್ಞೆ ತಡೆದೆವೆಂದು ನೀವು ಬೀಗುತ್ತಿರುವಾಗ ಅದೇ ಪುಟ ನೇರವಾಗಿ ಲೋಕಲ್‌ಹೋಸ್ಟ್‌ಗೆ ಎಸ್‌ಎಂಟಿಪಿ ಮಾತನಾಡುತ್ತದೆ, ಮೈನೆಟ್‌ವರ್ಕ್ಸ್‌ನಲ್ಲಿ 127.0.0.0/8 ಇದ್ದೇ ಇರುತ್ತದೆ. ಲೋಕಲ್‌ಹೋಸ್ಟ್ ಕೂಡ ಪಾಸ್‌ವರ್ಡ್ ಕೊಡಲಿ ಎಂದು ಅದನ್ನು ಪಟ್ಟಿಯಿಂದ ತೆಗೆಯುವುದು ಬಹು ಬಳಕೆದಾರರ ಯಂತ್ರಕ್ಕೆ ಒಳ್ಳೆಯದು. ಅದು ಆಗದಿದ್ದರೆ ಫೈರ್‌ವಾಲ್‌ನಲ್ಲಿ ಯುಐಡಿ (ಬಳಕೆದಾರನ ಸಂಖ್ಯೆ) ನೋಡಿ ತಡೆಯಬಹುದು. ಐಪಿಟೇಬಲ್ಸ್ ಮತ್ತು ಎನ್‌ಎಫ್‌ಟೇಬಲ್ಸ್ ಎರಡಕ್ಕೂ ಪ್ಯಾಕೆಟ್ ಹೊರಡಿಸಿದ ಬಳಕೆದಾರನನ್ನು ಗುರುತಿಸಲು ಬರುತ್ತದೆ.

ಮೂರನೆಯ ದಾರಿ ನಿಮ್ಮ ಮೇಲ್ ಸರ್ವರನ್ನು ಬಳಸುವುದೇ ಇಲ್ಲ. ಪ್ರೋಗ್ರಾಂ ನೇರವಾಗಿ ಹೊರಗಿನ ಸರ್ವರ್‌ಗಳ 25ನೆಯ ಪೋರ್ಟ್‌ಗೆ ಹೋಗುತ್ತದೆ. ನಿಮ್ಮ ಲಾಗ್‌ನಲ್ಲಿ ಏನೂ ಇರುವುದಿಲ್ಲ, ಐಪಿ ಮಾತ್ರ ಕಪ್ಪುಪಟ್ಟಿಗೆ ಸೇರಿರುತ್ತದೆ. ಹೊರಗಿನ 25ಕ್ಕೆ ಹೋಗಲು ಪೋಸ್ಟ್‌ಫಿಕ್ಸ್ ಬಳಕೆದಾರನೊಬ್ಬನಿಗೇ ಬಿಡುವ ಫೈರ್‌ವಾಲ್ ನಿಯಮ ಎರಡು ಸಾಲಿನದು. ಈ ಬರಹದಿಂದ ಒಂದೇ ಒಂದನ್ನು ಇಂದೇ ಹಾಕುವುದಾದರೆ ಇದನ್ನು ಹಾಕಿ.

ಯಾರ ಹೆಸರಿನಲ್ಲಿ, ಎಷ್ಟು

ಪಾಸ್‌ವರ್ಡ್ ಕೊಟ್ಟವರು ಒಳಗೆ ಬಂದ ಮೇಲೆ ನಿರ್ದೇಶಕರ ವಿಳಾಸದಿಂದ ಮೇಲ್ ಬರೆದರೆ? ಸುಮ್ಮನಿದ್ದರೆ ಸರ್ವರ್ ಅದನ್ನು ಕೇಳುವುದಿಲ್ಲ. ‘ಎಸ್‌ಎಂಟಿಪಿಡಿ_ಸೆಂಡರ್_ಲಾಗಿನ್_ಮ್ಯಾಪ್ಸ್’ ಯಾವ ವಿಳಾಸವನ್ನು ಯಾರು ಬಳಸಬಹುದೆಂದು ಹೇಳುವ ಕೋಷ್ಟಕ. ಅದರ ಜೊತೆಗಿನ ತಿರಸ್ಕಾರದ ನಿಯಮಗಳಲ್ಲಿ ದೃಢೀಕೃತರಿಗೆ ಮಾತ್ರ ಅನ್ವಯಿಸುವ ರೂಪವನ್ನು 587, 465ರಲ್ಲಿ ಇಡಿ. ಪೂರ್ಣ ರೂಪವನ್ನು 25ರಲ್ಲಿ ಇಟ್ಟರೆ, ನಿಮ್ಮವರು ಬೇರೆಡೆಗೆ ಬರೆದ ಮೇಲ್ ಅಲ್ಲಿಂದ ಫಾರ್ವರ್ಡ್ ಆಗಿ ಹಿಂದಿರುಗಿದಾಗ ಅದೂ ಬಾಗಿಲಲ್ಲೇ ಬೀಳುತ್ತದೆ.

ಇದು ಪರಿಶೀಲಿಸುವುದು ಲಕೋಟೆಯ ಮೇಲಿನ ವಿಳಾಸವನ್ನು. ಓದುವವರ ಕಣ್ಣಿಗೆ ಬೀಳುವ ‘ಫ್ರಮ್’ ಸಾಲನ್ನು ಪೋಸ್ಟ್‌ಫಿಕ್ಸ್ ಇದರಿಂದ ತಡೆಯದು, ಅದಕ್ಕೆ ಮಿಲ್ಟರ್ (ಮೇಲ್‌ನ ಒಳಗನ್ನು ಪರಿಶೀಲಿಸಲು ಜೋಡಿಸುವ ಪ್ರೋಗ್ರಾಂ) ಬೇಕು. ಎಸ್‌ಪಿಎಫ್, ಡಿಕಿಮ್‌ಗಳು ಈ ಚರ್ಚೆಗೆ ಹೊರಗಿನವು: ನಿಮ್ಮ ಡೊಮೇನ್‌ನ ಹೆಸರನ್ನು ಬೇರೆ ಸರ್ವರ್‌ಗಳು ದುರುಪಯೋಗ ಮಾಡಿದಾಗ ಅವು ನೆರವಿಗೆ ಬರುತ್ತವೆ, ನಿಮ್ಮ ಸರ್ವರ್ ಒಳಗಿನವರನ್ನು ಅವು ತಡೆಯುವುದಿಲ್ಲ. ಸೆಂಡ್‌ಮೇಲ್ ಆಜ್ಞೆಯಿಂದ ಬರುವ ಮೇಲ್‌ಗೂ ಇಂತಹದೇ ಕೋಷ್ಟಕ ಬೇಕಿದ್ದರೆ ಪೋಸ್ಟ್‌ಫಿಕ್ಸ್ 3.6ರಿಂದ ‘ಲೋಕಲ್_ಲಾಗಿನ್_ಸೆಂಡರ್_ಮ್ಯಾಪ್ಸ್’ ಇದೆ.

ಎಷ್ಟು ಕಳಿಸಬಹುದು ಎಂಬುದಕ್ಕೆ ಪೋಸ್ಟ್‌ಫಿಕ್ಸ್‌ನ ಸ್ವಂತ ಮಿತಿಗಳು ಐಪಿ ಲೆಕ್ಕದಲ್ಲಿವೆ. ಕಳವಾದ ಒಂದೇ ಪಾಸ್‌ವರ್ಡ್ ನೂರು ಐಪಿಗಳಿಂದ ಬಂದರೆ ಅವು ಕುರುಡು. ಬಳಕೆದಾರರ ಲೆಕ್ಕ ಬೇಕಾದರೆ ‘ಚೆಕ್_ಪಾಲಿಸಿ_ಸರ್ವಿಸ್’ಗೆ ಒಂದು ಪುಟ್ಟ ಪ್ರೋಗ್ರಾಂ ಜೋಡಿಸಬೇಕು, ಅದಕ್ಕೆ ಲಾಗಿನ್ ಹೆಸರು ತಲುಪುತ್ತದೆ. ಮೇಲ್‌ಗಳನ್ನಷ್ಟೇ ಎಣಿಸಬೇಡಿ, ಸ್ವೀಕರಿಸುವವರನ್ನು ಎಣಿಸಿ. ಒಂದು ಮೇಲ್‌ಗೆ ಐನೂರು ಜನರಿರಬಹುದು.

ಯಾವ ಸರ್ವರ್?

ಕೇವಲ ಈ ಕಾರಣಕ್ಕೆ ಸರ್ವರ್ ಬದಲಿಸುವುದು ಇಲಿಗೆ ಹೆದರಿ ಮನೆ ಸುಟ್ಟಂತೆ. ಹೊಸದಾಗಿ ಆರಿಸುವವರಿಗೆ ಮಾತ್ರ ಈ ಮಾತು.

ಓಪನ್‌ಬಿಎಸ್‌ಡಿಯಿಂದ ಬಂದ ಓಪನ್‌ಎಸ್‌ಎಂಟಿಪಿಡಿಯ ನಿಯಮಗಳು ಓದಲು ಹಿತ. ‘ಮ್ಯಾಚ್’ ಸಾಲಿನಲ್ಲಿ ಎಲ್ಲಿಂದ ಎಂದು ಹೇಳದಿದ್ದರೆ ಸ್ಥಳೀಯ ಎಂದೇ ಅರ್ಥ, ಆದ್ದರಿಂದ ಮರೆತ ಪದವೂ ನಿಮ್ಮ ಪರವಾಗಿ ನಿಲ್ಲುತ್ತದೆ. ಬಳಕೆದಾರರನ್ನು ಅವರವರ ವಿಳಾಸಕ್ಕೆ ಕಟ್ಟಿಹಾಕುವ ‘ಸೆಂಡರ್ಸ್’ ಎಂಬ ಪದವೂ ಅದರಲ್ಲಿದೆ. ಚಿಕ್ಕ ವ್ಯವಸ್ಥೆಗೆ ಇದು ಸಾಕು.

1995ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಹೇಜಲ್ ಆರಂಭಿಸಿದ ಎಕ್ಸಿಮ್‌ನಲ್ಲಿ ಎಸಿಎಲ್ (ಅನುಮತಿಯ ನಿಯಮಪಟ್ಟಿ) ಬರೆಯುವುದೆಂದರೆ ಪ್ರೋಗ್ರಾಂ ಬರೆದಂತೆಯೇ. ಸೆಂಡ್‌ಮೇಲ್ ಆಜ್ಞೆಯಿಂದ ಬರುವ ಮೇಲ್‌ಗೂ ಅದರಲ್ಲಿ ಪ್ರತ್ಯೇಕ ಎಸಿಎಲ್ ಇದೆ, ನಂಬಿಗಸ್ತರಲ್ಲದ ಸ್ಥಳೀಯ ಬಳಕೆದಾರರು ಲಕೋಟೆಯ ಮೇಲೆ ಬೇರೆಯವರ ಹೆಸರು ಹಾಕಲು ಸಾಮಾನ್ಯವಾಗಿ ಬಿಡುವುದಿಲ್ಲ. ನೂರಾರು ಜನರ ವೆಬ್‌ಸೈಟ್‌ಗಳಿರುವ ಯಂತ್ರವಾದರೆ ಪೋಸ್ಟ್‌ಫಿಕ್ಸ್‌ಗಿಂತ ಇದನ್ನೇ ಮೇಲೆ ಇಡುತ್ತೇನೆ. ಸೆಂಡ್‌ಮೇಲ್ ಈಗಾಗಲೇ ಓಡುತ್ತಿದ್ದರೆ ಆಕ್ಸೆಸ್ ಕಡತದಲ್ಲಿ ‘ಕನೆಕ್ಟ್’ ಎಂದು ಆರಂಭವಾಗುವ ಸಾಲುಗಳಿಗೆ ಮಾತ್ರ ‘ರಿಲೇ’ ಕೊಡಿ. ಕ್ಯೂಮೇಲ್‌ನ ಮೂಲ ರೂಪದಲ್ಲಿ ಪಾಸ್‌ವರ್ಡ್ ದೃಢೀಕರಣವೇ ಇಲ್ಲ, ಪ್ಯಾಚ್ ಹಾಕಬೇಕು. ಯಾವ ಡೊಮೇನ್‌ಗಳ ಮೇಲ್ ಸ್ವೀಕರಿಸಬೇಕೆಂದು ಹೇಳುವ ‘ಆರ್‌ಸಿಪಿಟಿಹೋಸ್ಟ್ಸ್’ ಕಡತ ಆಕಸ್ಮಿಕವಾಗಿ ಅಳಿಸಿಹೋದರೆ ಅದು ಎಲ್ಲರಿಗೂ ತೆರೆದುಕೊಳ್ಳುತ್ತದೆ. ಹೊಸದಾಗಿ ಹಾಕಲು ನನಗೆ ಕಾರಣ ಕಾಣುವುದಿಲ್ಲ.

ಆರಿಸಿದ್ದು ಯಾವುದೇ ಇರಲಿ, ಪರೀಕ್ಷೆಯನ್ನು ಸರ್ವರ್‌ನ ಒಳಗಿನಿಂದ ಮಾಡಬೇಡಿ. ನಾನು ಮೋಸಹೋದದ್ದು ಅಲ್ಲಿಯೇ. ಪೂರ್ತಿ ಹೊರಗಿನ ಜಾಲದಿಂದ, ಸಾಧ್ಯವಾದರೆ ಐಪಿವಿ4 ಮತ್ತು ಐಪಿವಿ6 ಎರಡರಲ್ಲೂ, 25ನೆಯ ಪೋರ್ಟ್‌ಗೆ ಹೋಗಿ. ‘ಸ್ವಾಕ್ಸ್’ ಎಂಬ ಉಪಕರಣ ಇದಕ್ಕೆ ಅನುಕೂಲ. ನಿಮ್ಮದೇ ಡೊಮೇನ್‌ನ ವಿಳಾಸವನ್ನು ಕಳುಹಿಸುವವರ ಜಾಗದಲ್ಲಿ, ಹೊರಗಿನ ನಿಮ್ಮ ಇನ್ನೊಂದು ವಿಳಾಸವನ್ನು ಸ್ವೀಕರಿಸುವವರ ಜಾಗದಲ್ಲಿ ಕೊಡಿ. ‘ರಿಲೇ ಆಕ್ಸೆಸ್ ಡಿನೈಡ್’ ಎಂಬ ಉತ್ತರದ ಮುಂದೆ 554 ಬಂದರೆ ಸರಿ. 454 ಬಂದರೆ ಪಟ್ಟಿಯ ಕೊನೆಯಲ್ಲಿ ತಿರಸ್ಕಾರದ ಬದಲು ಮುಂದೂಡಿಕೆ ಇದೆಯೆಂದು ಅರ್ಥ, ಅದೂ ಬಾಗಿಲು ಮುಚ್ಚಿದಂತೆಯೇ. 250 (ಒಪ್ಪಿಗೆ) ಬಂದರೆ ಸರ್ವರ್ ನಿಲ್ಲಿಸಿ, ಲಾಗ್‌ನಲ್ಲಿ ಆ ಸಂಪರ್ಕ ಯಾವ ಐಪಿಯಿಂದ ಬಂತೆಂದು ದಾಖಲಾಗಿದೆ ನೋಡಿ. ನೀವು ಕುಳಿತಿರುವ ಜಾಲದ ವಿಳಾಸದ ಬದಲು ಅಲ್ಲಿ ಬೇರೆ ಯಾವುದೋ ಒಳವಿಳಾಸ ಕಂಡರೆ, ನಡುವೆ ನಿಂತಿರುವ ಪ್ರಾಕ್ಸಿಯಿಂದ ಹುಡುಕಾಟ ಆರಂಭಿಸಿ.